ಮೇಲಿಂದ ಬಿದ್ದರೆ ಯಾರ ಬಾಗಿಲು ತಟ್ಟಬೇಕು?

ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಒಂದು ಮಳೆಗಾಲ ಐದನೇ ಮಹಡಿಯ ಬಾಲ್ಕನಿಯಿಂದ ತುಳಸಿ ಕುಂಡ ಜಾರಿ ಬಿತ್ತು. ಬಿದ್ದದ್ದು ನಮ್ಮ ಕಾಂಪೌಂಡಿನೊಳಗಲ್ಲ, ಗೋಡೆಯಾಚೆ ಪಕ್ಕದ ಬಿಲ್ಡಿಂಗಿನವರ ಸ್ಕೂಟರ್ ಮೇಲೆ. ಹೆಡ್‌ಲೈಟು ಪುಡಿ, ಸೀಟು ಹರಿದಿತ್ತು, ಗಾಡಿ ತುಂಬಾ ಕೆಂಪು ಮಣ್ಣು. ಸ್ಕೂಟರಿನವರು ನೇರ ಐದನೇ ಮಹಡಿಗೆ ಹತ್ತಿ ಜಗಳ ತೆಗೆಯಲಿಲ್ಲ. ಅವರ ಸೊಸೈಟಿ ನಮ್ಮ ಸೊಸೈಟಿಗೆ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಿತು. ನಮ್ಮ ಸೆಕ್ರೆಟರಿ ಕಾಕಾ ಸೊಸೈಟಿ ದುಡ್ಡಿನಿಂದ ರಿಪೇರಿ ಬಿಲ್ ಕಟ್ಟಿ, ಆಮೇಲೆ ಕುಂಡದವರ ಮೇಂಟೆನೆನ್ಸ್ ಬಿಲ್ಲಿಗೆ ಅಷ್ಟನ್ನೂ ಸೇರಿಸಿದರು. ಕುಂಡದವರು ಮುಂದಿನ ಮೀಟಿಂಗಿನಲ್ಲಿ ಕೂಗಾಡಿದ್ದು ಬೇರೆ ಕತೆ.

ಕುಂಡದ ಜಾಗದಲ್ಲಿ ರಾಕೆಟ್ಟಿನ ತುಂಡು ಇಟ್ಟುಕೊಳ್ಳಿ. ಬಾಹ್ಯಾಕಾಶದ ಕಾನೂನು ಅರ್ಧ ಅರ್ಥವಾದ ಹಾಗೆ. ಹಾರಿಸಿದ್ದು ಖಾಸಗಿ ಕಂಪನಿಯೇ ಇರಬಹುದು, ಆದರೆ ನಷ್ಟವಾದಾಗ ದೇಶದೇಶಗಳ ನಡುವಿನ ಕಾನೂನು ಆ ಕಂಪನಿಯ ಹೆಸರನ್ನೇ ಎತ್ತುವುದಿಲ್ಲ. ಪತ್ರ ಹೋಗುವುದು ದೇಶಕ್ಕೆ. ದುಡ್ಡು ಕೊಡಬೇಕಾದ್ದೂ ದೇಶವೇ. ಆ ದೇಶ ತನ್ನ ಕಂಪನಿಯಿಂದ ವಸೂಲಿ ಮಾಡುತ್ತೋ ಬಿಡುತ್ತೋ, ಅದು ಅವರ ಮನೆಯೊಳಗಿನ ವಿಷಯ.

ಇದನ್ನೆಲ್ಲ ಓದೋಕೆ ಹಚ್ಚಿದ್ದು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಉಪಗ್ರಹ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದಾನೆ. ಗಣಪತಿ ಹಬ್ಬಕ್ಕೆ ಬಂದವನು ಮೋದಕ ಬಾಯಲ್ಲಿಟ್ಟುಕೊಂಡೇ, "ಮಾಮಾ, ನೀನು ಇಷ್ಟು ವರ್ಷ ಕ್ಲೇಮ್ ನೋಡಿದೀಯಲ್ಲ, ನಮ್ಮ ಉಪಗ್ರಹ ಹೋಗಿ ಇನ್ನೊಬ್ಬರದಕ್ಕೆ ಗುದ್ದಿದ್ರೆ ನಮ್ಮ ಕಂಪನಿ ಗತಿ ಏನು?" ಅಂದ. ನಾನು ಮುಂಬೈಯ ಫೋರ್ಟ್‌ನ ಒಂದು ಆಫೀಸಿನಲ್ಲಿ ಹಡಗಿನ ವಿಮೆಯ ಕ್ಲೇಮ್ ನೋಡುವವನು. ಸಮುದ್ರದಲ್ಲಿ ಗುದ್ದಿದರೆ ಏನು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆಕಾಶದ್ದೂ ಹಾಗೇ ಇರಬೇಕು ಅಂದುಕೊಂಡೆ. ಇರಲಿಲ್ಲ.

ಸಮುದ್ರದ್ದು ಹೇಗೆ ಅಂದರೆ, 2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಬಾಯಲ್ಲೇ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ 3 ಅನ್ನುವ ಎರಡು ಹಡಗು ಡಿಕ್ಕಿಯಾದವು. ಕಂಟೇನರ್‌ಗಳು ನೀರಿಗೆ ಬಿದ್ದು ತೇಲಿದವು, ಎಣ್ಣೆ ಚೆಲ್ಲಿತು, ಹಡಗುಗಳ ಓಡಾಟ ಕೆಲವು ದಿನ ನಿಂತೇ ಹೋಯಿತು. ಇಂಥ ಸಂದರ್ಭದಲ್ಲಿ ಹಡಗು ಯಾವ ದೇಶದ ಬಾವುಟ ಹಾರಿಸುತ್ತಿತ್ತೋ ಆ ದೇಶದ ಹತ್ತಿರ ಯಾರೂ ಪರಿಹಾರ ಕೇಳಲು ಹೋಗುವುದಿಲ್ಲ. ಮಾಲೀಕನನ್ನು ಹಿಡಿಯುತ್ತಾರೆ. ಮಾಲೀಕ ಸಿಗದಿದ್ದರೆ ಹೈಕೋರ್ಟಿನಿಂದ ಆದೇಶ ತಂದು ಹಡಗನ್ನೇ ಹಿಡಿಯುತ್ತಾರೆ. ಹೌದು, ಹಡಗನ್ನು ಅರೆಸ್ಟ್ ಮಾಡಬಹುದು, 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಇದೆ. ಭದ್ರತೆಯ ದುಡ್ಡು ಇಡುವ ತನಕ ಅದು ಬಂದರು ಬಿಟ್ಟು ಕದಲುವ ಹಾಗಿಲ್ಲ. ಉಪಗ್ರಹವನ್ನು ಹೇಗೆ ಅರೆಸ್ಟ್ ಮಾಡ್ತೀರಿ? ಗಂಟೆಗೆ 27 ಸಾವಿರ ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ, ಅದರ ಕಂಪನಿ ನಾಳೆ ದಿವಾಳಿಯಾಗಿ ಬಾಗಿಲು ಹಾಕಬಹುದು. ಹಿಡಿಯೋಕೆ ಸಿಗುವುದು, ಎಲ್ಲಿಗೂ ಓಡಿಹೋಗದೆ ಇರುವುದು, ದೇಶ ಒಂದೇ.

ಕಾನೂನು ಮಾಡಿದವರು ಇಷ್ಟು ಯೋಚಿಸಿ ಮಾಡಿದರು ಅಂತಲ್ಲ. ಅದು ಶೀತಲ ಸಮರದ ಚೌಕಾಸಿಯಲ್ಲಿ ಹುಟ್ಟಿದ್ದು. 1962ರಲ್ಲೇ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಟೆಲ್‌ಸ್ಟಾರ್ ಉಪಗ್ರಹ ಮೇಲೆ ಹೋಗಿತ್ತು. ಬಾಹ್ಯಾಕಾಶಕ್ಕೆ ಸರ್ಕಾರಗಳು ಮಾತ್ರ ಹೋಗಬೇಕು, ವ್ಯಾಪಾರಿಗಳು ಕಾಲಿಡಬಾರದು ಅಂತ ಸೋವಿಯತ್ ಒಕ್ಕೂಟದ ಹಟ. ಅಮೆರಿಕ ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆಯವರು ಒಂದು ಮಧ್ಯದ ದಾರಿ ಹಿಡಿದರು. ಕಂಪನಿಗಳು ಹೋಗಲಿ, ಆದರೆ ಅವುಗಳ ದೇಶ ಅನುಮತಿ ಕೊಡಬೇಕು, ಕೊಟ್ಟು ಸುಮ್ಮನಾಗದೆ ಕೊನೆತನಕ ಕಣ್ಣಿಟ್ಟಿರಬೇಕು, ಕಂಪನಿ ಮಾಡಿದ್ದಕ್ಕೆಲ್ಲ ತಾನೇ ಹೊಣೆ ಹೊರಬೇಕು. 1967ರ ಬಾಹ್ಯಾಕಾಶ ಒಪ್ಪಂದದ ಆರನೇ ವಿಧಿ ಇದು. ಇವತ್ತಿನ ಖಾಸಗಿ ರಾಕೆಟ್ಟು, ಸಾವಿರಗಟ್ಟಲೆ ಇಂಟರ್ನೆಟ್ ಉಪಗ್ರಹ, ಚಂದ್ರನ ಮೇಲೆ ಇಳಿಯುವ ಕಂಪನಿಗಳು, ಎಲ್ಲ ನಿಂತಿರುವುದು ಇದೇ ಒಂದು ಕಂಬದ ಮೇಲೆ.

ಆದರೆ ಹೊಣೆ ಅಂದರೆ ಎಷ್ಟು, ಯಾವಾಗ? ಅದನ್ನು ಬಿಡಿಸಿ ಹೇಳಿದ್ದು 1972ರ ಹೊಣೆಗಾರಿಕೆ ಒಪ್ಪಂದ. ಭಾರತ ಇದಕ್ಕೆ ಸೇರಿದ್ದು 1979ರಲ್ಲಿ, ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿದ್ದ ಅದೇ ವರ್ಷ. ಸ್ಕೈಲ್ಯಾಬ್ ಅಂದರೆ ನಮ್ಮ ಅಜ್ಜಿಗೆ ನಗು ಬರುತ್ತಿತ್ತು. ನಾಳೆ ಎಲ್ಲ ಸಾಯ್ತೀವಿ ಅಂತ ಓಣಿಯವರೆಲ್ಲ ಮನೆಯ ಕೋಳಿ ಕೊಯ್ದು ಉಂಡರಂತೆ, ಅದು ಹೋಗಿ ಆಸ್ಟ್ರೇಲಿಯಾದಲ್ಲಿ ಬಿತ್ತು. ಅಲ್ಲಿನ ಎಸ್ಪೆರೆನ್ಸ್ ಊರಿನ ಆಡಳಿತ ಕಸ ಚೆಲ್ಲಿದ್ದಕ್ಕೆ ಅಮೆರಿಕಕ್ಕೆ 400 ಡಾಲರ್ ದಂಡದ ಚೀಟಿ ಹರಿಯಿತು. ತಮಾಷೆಗೇ ಹರಿದದ್ದು, ಆದರೂ ಚೀಟಿ ಹರಿದದ್ದು ದೇಶದ ಹೆಸರಿಗೆ ನೋಡಿ.

1972ರ ಒಪ್ಪಂದದಲ್ಲಿ ಎರಡು ಅಳತೆಗೋಲು ಇದೆ. ನೆಲದ ಮೇಲೆ, ಇಲ್ಲವೇ ಹಾರುತ್ತಿರುವ ವಿಮಾನದ ಮೇಲೆ ಬಿದ್ದರೆ ಒಂದು. ಮೇಲೆ, ಬಾಹ್ಯಾಕಾಶದಲ್ಲೇ, ಇನ್ನೊಬ್ಬರ ಉಪಗ್ರಹಕ್ಕೆ ಗುದ್ದಿದರೆ ಇನ್ನೊಂದು.

ನೆಲದ್ದು ಸರಳ. ಯಾರ ತಪ್ಪು ಅನ್ನುವ ಪ್ರಶ್ನೆಯೇ ಇಲ್ಲ. 2022ರ ಏಪ್ರಿಲ್ 2ರ ಸಂಜೆ ನೆನಪಿದೆಯಾ? ಯುಗಾದಿ. ನಾವು ಮಧ್ಯಾಹ್ನದ ಹೋಳಿಗೆಯ ಭಾರದಲ್ಲೇ ಕೂತಿದ್ದಾಗ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ ಮೇಲೆ ವಿಡಿಯೋ ಬರತೊಡಗಿತು. ವಿದರ್ಭದ ಆಕಾಶದಲ್ಲಿ ಬೆಂಕಿಯ ಗೆರೆಗಳು ಸಾಲಾಗಿ ಹರಿದು ಹೋಗುತ್ತಿವೆ. ಉಲ್ಕೆ ಅಂತ ಕೆಲವರು, ವಿಮಾನ ಅಂತ ಕೆಲವರು. ಚಂದ್ರಪುರ ಜಿಲ್ಲೆ ಸಿಂದೇವಾಹಿ ತಾಲೂಕಿನ ಲಾಡಬೋರಿ ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಬಿದ್ದಿತ್ತು. ಆಸುಪಾಸಿನಲ್ಲಿ ಲೋಹದ ಗೋಳಗಳೂ ಸಿಕ್ಕವು. ಚೀನಾ 2021ರ ಫೆಬ್ರವರಿಯಲ್ಲಿ ಹಾರಿಸಿದ್ದ ಚಾಂಗ್ ಝೆಂಗ್ 3ಬಿ ರಾಕೆಟ್ಟಿನ ಮೂರನೇ ಹಂತ ಇರಬೇಕು ಅಂತ ಇಂಥವುಗಳ ಲೆಕ್ಕ ಇಡುವ ತಜ್ಞರು ಹೇಳಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆ ಬಳೆ ಯಾರದಾದರೂ ಮನೆಯ ಮೇಲೆ ಬಿದ್ದಿದ್ದರೆ ದೆಹಲಿ ಬೀಜಿಂಗಿಗೆ ತೋರಿಸಬೇಕಾದ್ದು ಎರಡೇ. ಇದು ನಿಮ್ಮದು, ನಮಗಾದ ನಷ್ಟ ಇಷ್ಟು. ನಾವು ಎಲ್ಲ ಹುಷಾರಾಗಿ ಮಾಡಿದ್ದೆವು ಅನ್ನುವ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಹಾಗಂತ ದುಡ್ಡು ತಕ್ಷಣ ಬರುತ್ತೆ ಅಂದುಕೊಳ್ಳಬೇಡಿ. ಈ ಒಪ್ಪಂದವನ್ನು ಮುಂದಿಟ್ಟು ಒಂದು ದೇಶ ದೊಡ್ಡದಾಗಿ ಪರಿಹಾರ ಕೇಳಿದ್ದು ಒಂದೇ ಸಲ. 1978ರ ಜನವರಿ 24ರಂದು ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಕೆನಡಾದ ಉತ್ತರದ ಹಿಮದ ಮೇಲೆ ಚೂರುಚೂರಾಗಿ ಉದುರಿತು. ಅದರೊಳಗೆ ಅಣು ರಿಯಾಕ್ಟರ್ ಇತ್ತು. ವಿಕಿರಣದ ಚೂರು ಹುಡುಕಿ ಹೆಕ್ಕಿದ ಖರ್ಚು ಅಂತ ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು. ಮೂರು ವರ್ಷ ಹಗ್ಗಜಗ್ಗಾಟ ಆಗಿ 1981ರಲ್ಲಿ 30 ಲಕ್ಷಕ್ಕೆ ಇತ್ಯರ್ಥವಾಯಿತು. ಕೇಳಿದ್ದರಲ್ಲಿ ಅರ್ಧ. ನನ್ನ ಕಸುಬಿನಲ್ಲಿ ಇದು ತೀರಾ ಮಾಮೂಲಿ ಲೆಕ್ಕ, ನಗು ಬಂತು.

ಇನ್ನು ಮೇಲಿನದ್ದು. ನನ್ನ ಅಳಿಯ ಕೇಳಿದ್ದು ಇದನ್ನೇ. ಬಾಹ್ಯಾಕಾಶದಲ್ಲಿ ಗುದ್ದಿದರೆ ತಪ್ಪು ಯಾರದು ಅಂತ ತೋರಿಸಬೇಕು. ತೋರಿಸಲು ಆಗದಿದ್ದರೆ ಒಂದು ಪೈಸೆಯೂ ಇಲ್ಲ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಅಮೆರಿಕದ ಇರಿಡಿಯಂ ಕಂಪನಿಯ ಕೆಲಸ ಮಾಡುತ್ತಿದ್ದ ಉಪಗ್ರಹಕ್ಕೂ ರಷ್ಯಾದ ಸತ್ತುಹೋಗಿದ್ದ ಕಾಸ್ಮೋಸ್ 2251ಕ್ಕೂ ಡಿಕ್ಕಿಯಾಯಿತು. ಎರಡು ಸಾವಿರಕ್ಕೂ ಜಾಸ್ತಿ ದೊಡ್ಡ ಚೂರು. ತಪ್ಪು ಯಾರದು? ರಷ್ಯಾದ್ದು ಕೆಟ್ಟು ನಿಂತ ಲಾರಿಯಂತೆ, ಅದನ್ನು ಪಕ್ಕಕ್ಕೆ ಸರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಇರಿಡಿಯಂ ಸರಿಯಬಹುದಿತ್ತು, ಆದರೆ ಸರಿಯಲೇಬೇಕು ಅನ್ನುವ ಕಾನೂನು ಎಲ್ಲಿದೆ? ಸಮುದ್ರದಲ್ಲಿ ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು ಅಂತ ಬರೆದಿಟ್ಟ ನಿಯಮ ಇದೆ, ಅದನ್ನು ಮುರಿದವನು ಸಿಕ್ಕಿಬೀಳುತ್ತಾನೆ. ಮೇಲೆ ಅಂಥ ರಸ್ತೆ ನಿಯಮವೇ ಇಲ್ಲ. ನಿಯಮ ಇಲ್ಲದ ಕಡೆ ತಪ್ಪು ಹುಡುಕೋದು ಹೇಗೆ? ಯಾರೂ ಯಾರ ಹತ್ತಿರವೂ ಪರಿಹಾರ ಕೇಳಲಿಲ್ಲ.

ಇದರಲ್ಲಿ ಇನ್ನೊಂದು ಗಂಟು ಇದೆ. ಆ ಇರಿಡಿಯಂ ಉಪಗ್ರಹ 1997ರಲ್ಲಿ ಮೇಲೆ ಹೋಗಿದ್ದು ರಷ್ಯಾದ ಪ್ರೋಟಾನ್ ರಾಕೆಟ್ಟಿನಲ್ಲಿ, ಕಜಕಸ್ತಾನದ ಬೈಕನೂರಿನಿಂದ. ಅಂದಮೇಲೆ ಎರಡೂ ಉಪಗ್ರಹಕ್ಕೆ ರಷ್ಯಾವೇ 'ಉಡಾವಣಾ ದೇಶ'. ಒಪ್ಪಂದದ ಪ್ರಕಾರ ಉಡಾವಣಾ ದೇಶ ಆಗೋಕೆ ನಾಲ್ಕು ದಾರಿ. ತಾನೇ ಹಾರಿಸಿದ ದೇಶ, ಬೇರೆಯವರಿಂದ ಹಾರಿಸಿಕೊಂಡ ದೇಶ, ಯಾರ ನೆಲದಿಂದ ಹಾರಿತೋ ಆ ದೇಶ, ಯಾರ ಉಡಾವಣಾ ಕೇಂದ್ರ ಬಳಸಿದರೋ ಆ ದೇಶ. ಇವರಲ್ಲಿ ಯಾರ ಹತ್ತಿರ ಬೇಕಾದರೂ ಪೂರ್ತಿ ದುಡ್ಡು ಕೇಳಬಹುದು, ಪಾಲು ಎಷ್ಟು ಅಂತ ಅವರವರೇ ಜಗಳಾಡಿಕೊಳ್ಳಲಿ. ಟೆರೇಸ್ ಬಾಡಿಗೆ ಕೊಟ್ಟ ತಪ್ಪಿಗೆ ಇನ್ನೊಂದು ಸೊಸೈಟಿಯೂ ಕೇಸಿನಲ್ಲಿ ಸಿಕ್ಕಿಕೊಂಡ ಹಾಗೆ. ಒಮ್ಮೆ ಅಂಟಿದ ಈ ಹಣೆಪಟ್ಟಿ ಕಿತ್ತು ಹಾಕೋಕೂ ಆಗದು. ಉಪಗ್ರಹ ಮೇಲಿರುವಾಗಲೇ ಇನ್ನೊಂದು ದೇಶದ ಕಂಪನಿಗೆ ಮಾರಿದರೂ, ಮೊದಲು ಹಾರಿಸಿದ ದೇಶ ಉಡಾವಣಾ ದೇಶವಾಗಿಯೇ ಉಳಿಯುತ್ತದೆ.

ಇದು ನಮಗೇ ತಟ್ಟಬಹುದಿತ್ತು. 2018ರ ಜನವರಿ 12ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ40ರಲ್ಲಿ ಅಮೆರಿಕದ ಸ್ವಾರ್ಮ್ ಅನ್ನುವ ಸಣ್ಣ ಕಂಪನಿಯ ನಾಲ್ಕು ಪುಟಾಣಿ ಉಪಗ್ರಹ ಹೋದವು. ಒಂದೊಂದೂ ಒಂದು ದಪ್ಪ ಪುಸ್ತಕದಷ್ಟು, ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಮೂರಕ್ಕೂ ಕಮ್ಮಿ ದಪ್ಪ. ಇಷ್ಟು ಚಿಕ್ಕದನ್ನು ರಾಡಾರಿನಲ್ಲಿ ಗುರುತಿಸೋದು ಕಷ್ಟ, ಬೇಡ ಅಂತ ಅಮೆರಿಕದ ದೂರಸಂಪರ್ಕ ಆಯೋಗ ಮೊದಲೇ ಹೇಳಿತ್ತು. ಕಂಪನಿ ಕೇಳದೆ ಕಳಿಸಿಬಿಟ್ಟಿತು. ಆಮೇಲೆ 9 ಲಕ್ಷ ಡಾಲರ್ ಕಟ್ಟಿಸಿಕೊಂಡು ಬಿಟ್ಟರು. ಆ ಪುಟಾಣಿ ಯಾವುದಕ್ಕಾದರೂ ಗುದ್ದಿದ್ದರೆ ಅಮೆರಿಕದ ಜೊತೆ ನಾವೂ ಕಟಕಟೆಯಲ್ಲಿ. ರಾಕೆಟ್ ನಮ್ಮದು, ನೆಲ ನಮ್ಮದು ಅಲ್ವಾ?

ಈಗ ಅಳಿಯನ ಕಂಪನಿಗೆ ಬರೋಣ. ಬೆಂಗಳೂರಿನ ಕಂಪನಿಗಳು ಈಚೆಗೆ ಅಮೆರಿಕದ ರಾಕೆಟ್ಟಿನಲ್ಲೂ ಹೋಗುತ್ತವೆ. ಪಿಕ್ಸೆಲ್, ದಿಗಂತರ ಎರಡೂ 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಉಪಗ್ರಹ ಕಳಿಸಿದವು. ಅಲ್ಲಿ ಅಮೆರಿಕ ಖಂಡಿತ ಉಡಾವಣಾ ದೇಶ. ಭಾರತ? ದುಡ್ಡು ಕೊಟ್ಟು ಹಾರಿಸಿಕೊಂಡದ್ದು ಕಂಪನಿ, ಭಾರತ ಸರ್ಕಾರ ಅಲ್ಲ, ಹಾಗಾಗಿ ಭಾರತ 'ಹಾರಿಸಿಕೊಂಡ' ಹಾಗಾಯಿತೇ ಅನ್ನುವುದು ಪಂಡಿತರ ನಡುವೆ ಮುಗಿಯದ ವಾದ. ಆದರೆ 1967ರ ಆರನೇ ವಿಧಿ ಹೇಗೂ ಇದ್ದೇ ಇದೆ, ಅನುಮತಿ ಕೊಟ್ಟು ಕಣ್ಣಿಡಬೇಕಾದ್ದು ದೆಹಲಿಯೇ.

ಹಾಗಾದರೆ ಕಂಪನಿ ಹಾಯಾಗಿ ಕಾಲು ಚಾಚಿ ಕೂರಬಹುದಾ? ಇಲ್ಲ. ಸೆಕ್ರೆಟರಿ ಕಾಕಾ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿದರಲ್ಲ, ಅದೇ ಕೆಲಸ ದೇಶಗಳು ತಮ್ಮ ಲೈಸೆನ್ಸಿನಲ್ಲಿ ಮಾಡುತ್ತವೆ. ಅಮೆರಿಕದ್ದು ಮೂರು ಅಂತಸ್ತು. ಉಡಾವಣೆ ಲೈಸೆನ್ಸ್ ಬೇಕಾದರೆ ಮೂರನೆಯವರಿಗೆ ಆಗಬಹುದಾದ ನಷ್ಟಕ್ಕೆ ಕಂಪನಿ ವಿಮೆ ಮಾಡಿಸಬೇಕು. ಎಷ್ಟು ಅಂತ ಸರ್ಕಾರವೇ ಲೆಕ್ಕ ಹಾಕಿ ಹೇಳುತ್ತದೆ, ಆದರೆ 50 ಕೋಟಿ ಡಾಲರಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ನಷ್ಟ ಅದನ್ನೂ ಮೀರಿದರೆ ಅದರ ಮೇಲೆ ಇನ್ನೂ 150 ಕೋಟಿ ಡಾಲರ್‌ವರೆಗೆ ಸರ್ಕಾರ ನೋಡಿಕೊಳ್ಳುತ್ತದೆ. ಆ ಮೊತ್ತ ಬೆಲೆ ಏರಿದ ಹಾಗೆ ಏರುತ್ತದೆ, ಮತ್ತೆ ಅಲ್ಲಿನ ಸಂಸತ್ತು ದುಡ್ಡು ಮಂಜೂರು ಮಾಡಬೇಕು. ಅದಕ್ಕೂ ಮೇಲಾದರೆ ಮತ್ತೆ ಕಂಪನಿಯ ತಲೆಗೇ. ಫ್ರಾನ್ಸ್ 2008ರ ಕಾಯ್ದೆಯಲ್ಲಿ ಕಂಪನಿಯ ಪಾಲಿಗೆ ಒಂದು ಮಿತಿ ಇಟ್ಟು, ಅದರಾಚೆಯದ್ದನ್ನು ತಾನೇ ಹೊತ್ತಿದೆ. ಮಿತಿ ಯಾಕೆ ಬೇಕು ಅಂದರೆ, ಮಿತಿ ಇಲ್ಲದ ಹೊಣೆಗೆ ಯಾವ ವಿಮಾ ಕಂಪನಿಯೂ ಕಂತು ಹೇಳುವುದಿಲ್ಲ. ಇದನ್ನು ನಾನು ದಿನಾ ನೋಡುತ್ತೇನೆ. ಎಷ್ಟು ಅಂತ ಗೊತ್ತಿಲ್ಲದ ಅಪಾಯಕ್ಕೆ ಯಾರೂ ಸಹಿ ಹಾಕಲ್ಲ.

ನಮ್ಮಲ್ಲಿ? ಸಂಸತ್ತು ಪಾಸ್ ಮಾಡಿದ ಕಾಯ್ದೆಯೇ ಇಲ್ಲ. 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಬಂತು. ಸರ್ಕಾರದ ಮೇಲೆ ಬರುವ ಕ್ಲೇಮನ್ನು ಲೈಸೆನ್ಸ್ ಪಡೆದವನೇ ತುಂಬಿಕೊಡಬೇಕು ಅಂತ ಅದರಲ್ಲಿತ್ತು, ಮಿತಿ ಬರೆದಿರಲಿಲ್ಲ. ಕಂಪನಿಗಳಿಗೆ ಇಷ್ಟವಾಗಲಿಲ್ಲ, ಮಸೂದೆ ಕಾಯ್ದೆಯಾಗಲಿಲ್ಲ. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದು ಅನುಮತಿ ಕೊಡುವ ಇನ್‌ಸ್ಪೇಸ್ ಸಂಸ್ಥೆ ಬಂತು, 2023ರಲ್ಲಿ ಬಾಹ್ಯಾಕಾಶ ನೀತಿ, 2024ರಲ್ಲಿ ಅನುಮತಿಯ ನಿಯಮಾವಳಿ. 2022ರ ನವೆಂಬರಿನಲ್ಲೇ ಹೈದರಾಬಾದಿನ ಸ್ಕೈರೂಟ್ ವಿಕ್ರಮ್-ಎಸ್ ಹಾರಿಸಿಯಾಗಿತ್ತು, 2024ರ ಮೇ ತಿಂಗಳಲ್ಲಿ ಚೆನ್ನೈನ ಅಗ್ನಿಕುಲ್ ಕೂಡ. ರಾಕೆಟ್ ಮುಂದೆ, ಕಾಯ್ದೆ ಹಿಂದೆ. ಈಗಿನ ನಿಯಮಾವಳಿಯಲ್ಲಿ ಕಂಪನಿಯ ಹೊಣೆ, ವಿಮೆ ಎಲ್ಲ ಇದೆ, ಆದರೆ ನಿಯಮಾವಳಿಯ ತೂಕ ಬೇರೆ, ಕಾಯ್ದೆಯ ತೂಕ ಬೇರೆ. ನನಗೆ ಇದು ದೊಡ್ಡ ಕೊರತೆ ಅಂತಲೇ ಅನ್ನಿಸುತ್ತದೆ. ಬೈಲಾ ಇಲ್ಲದ ಸೊಸೈಟಿ ನಡೆಸಿದವರಿಗೆ ಕೇಳಿ ನೋಡಿ.

ಇನ್ನೊಂದು ವಿಚಿತ್ರ. ಒಂದು ದೇಶದ ರಾಕೆಟ್ಟು ಅದೇ ದೇಶದ ಪ್ರಜೆಯ ಮೇಲೆ ಬಿದ್ದರೆ 1972ರ ಒಪ್ಪಂದ ಅನ್ವಯಿಸುವುದೇ ಇಲ್ಲ. 2024ರ ಮಾರ್ಚ್ 8ರಂದು ಅಮೆರಿಕದ ಫ್ಲೋರಿಡಾದಲ್ಲಿ ಒಂದು ಮನೆಯ ಚಾವಣಿ ತೂರಿಕೊಂಡು ಲೋಹದ ತುಂಡೊಂದು ಒಳಗೆ ಬಂತು. ತೂಕ ಮುಕ್ಕಾಲು ಕೇಜಿಗೂ ಕಮ್ಮಿ. ಬಾಹ್ಯಾಕಾಶ ನಿಲ್ದಾಣದಿಂದ 2021ರಲ್ಲಿ ಎಸೆದಿದ್ದ ಹಳೆಯ ಬ್ಯಾಟರಿಗಳ ಹೊರೆಯದ್ದು, ಪೂರ್ತಿ ಉರಿದು ಹೋಗುತ್ತೆ ಅಂದುಕೊಂಡಿದ್ದರು. ಆ ಮನೆಯವರು 80 ಸಾವಿರ ಡಾಲರಿಗೂ ಜಾಸ್ತಿ ಕೇಳಿ ನಾಸಾಕ್ಕೆ ಅರ್ಜಿ ಹಾಕಿದರು. ಇದೇ ತುಂಡು ಬೇರೆ ದೇಶದ ಮನೆಗೆ ಬಿದ್ದಿದ್ದರೆ ತಪ್ಪಿನ ಮಾತೇ ಇಲ್ಲದೆ ಕೊಡುತ್ತಿದ್ದಿರಿ, ಸ್ವಂತ ಪ್ರಜೆಗೆ ಯಾಕೆ ಕಮ್ಮಿ ಅನ್ನುವುದು ಅವರ ವಕೀಲರ ವಾದ. ಒಳ್ಳೆ ವಾದ. ನಮ್ಮ ಕಂಪನಿಯ ರಾಕೆಟ್ಟು ನಮ್ಮವರ ಗದ್ದೆಗೇ ಬಿದ್ದರೆ ನಮ್ಮ ಕೋರ್ಟಿಗೇ ಹೋಗಬೇಕು. ಅಲ್ಲಿ ಕೈಯಲ್ಲಿರುವುದು 1986ರ ಓಲಿಯಂ ಅನಿಲ ಸೋರಿಕೆಯ ತೀರ್ಪು. ಅಪಾಯದ ಉದ್ಯಮ ನಡೆಸುವವನು ನಷ್ಟಕ್ಕೆ ಯಾವ ನೆಪವೂ ಇಲ್ಲದೆ ಹೊಣೆ, ಉದ್ಯಮ ದೊಡ್ಡದಾದಷ್ಟೂ ಪರಿಹಾರ ದೊಡ್ಡದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಅಲ್ಲಿ ಕಂಪನಿಯ ಬಾಗಿಲನ್ನೇ ನೇರ ತಟ್ಟಬಹುದು.

ಕಂಪನಿ ಕಂಪನಿಗಳ ನಡುವೆ ಮಾತ್ರ ಲೆಕ್ಕ ಬೇರೆ. ಉಡಾವಣೆಯ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಏನಾದರೂ ಆದರೆ ನೀನು ನನ್ನ ಮೇಲೆ, ನಾನು ನಿನ್ನ ಮೇಲೆ ಕೇಸ್ ಹಾಕುವುದಿಲ್ಲ, ಅವರವರ ನಷ್ಟ ಅವರವರಿಗೆ. ಹಾಗಾಗಿ ಎಲ್ಲರೂ ವಿಮೆಗೆ ಓಡುತ್ತಾರೆ. 2016ರ ಸೆಪ್ಟೆಂಬರ್ 1ರಂದು ಫ್ಲೋರಿಡಾದಲ್ಲಿ ಪರೀಕ್ಷೆಗೆ ಇಂಧನ ತುಂಬುವಾಗಲೇ ಸ್ಪೇಸ್‌ಎಕ್ಸ್ ರಾಕೆಟ್ ಸ್ಫೋಟಿಸಿ, ಮೇಲಿದ್ದ ಇಸ್ರೇಲಿನ ಅಮೋಸ್-6 ಉಪಗ್ರಹ ಸುಟ್ಟುಹೋಯಿತು. ಉಡಾವಣೆಯ ವಿಮೆ ಶುರುವಾಗೋದು ಹಾರಿಸಲೆಂದೇ ಇಂಜಿನ್ ಹೊತ್ತಿಸಿದಾಗ. ಇಲ್ಲಿ ಹೊತ್ತಿಸಿರಲಿಲ್ಲ. ಆ ನಷ್ಟ ಹೋಗಿ ಕೂತದ್ದು ಎಲ್ಲಿ ಗೊತ್ತಾ? ಹಡಗಿನ ಸರಕಿನ ವಿಮೆಯಲ್ಲಿ! ಗೋಡಂಬಿ, ಉಕ್ಕು, ಕಾರುಗಳ ಪಾಲಿಸಿ ಬರೆಯುವ ನಮ್ಮಂಥವರ ಪುಸ್ತಕದಲ್ಲಿ. ಇದನ್ನು ಅಳಿಯನಿಗೆ ಹೇಳಿದಾಗ ಅವನು ನಂಬಲೇ ಇಲ್ಲ.

ಹೊಣೆಯ ಪಟ್ಟಿಯಲ್ಲಿ ಇಲ್ಲದ್ದೂ ಒಂದಿದೆ, ಕಸ. ಒಪ್ಪಂದದ ಕಣ್ಣಿಗೆ ನಷ್ಟ ಅಂದರೆ ಜೀವ, ಆರೋಗ್ಯ, ಆಸ್ತಿ. ಕಕ್ಷೆಯನ್ನೇ ಗಲೀಜು ಮಾಡಿದರೆ ಕೇಳುವವರು ಯಾರೂ ಇಲ್ಲ, ಯಾಕೆಂದರೆ ಕಕ್ಷೆ ಯಾರ ಆಸ್ತಿಯೂ ಅಲ್ಲ. ಇಲ್ಲೂ ಕೈ ಹಾಕಿದ್ದು ಸ್ವಂತ ದೇಶದ ಲೈಸೆನ್ಸೇ. ಅಮೆರಿಕದ ಡಿಶ್ ಕಂಪನಿ ತನ್ನ ಮುದಿ ಉಪಗ್ರಹವನ್ನು ಕೆಲಸದ ಕಕ್ಷೆಯಿಂದ 300 ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಡುತ್ತೇನೆ ಅಂತ ಬರೆದುಕೊಟ್ಟಿತ್ತು. ಇಂಧನ ಮುಗಿದು ಸುಮಾರು 120 ಕಿಲೋಮೀಟರಿಗೇ ಬಿಟ್ಟಿತು. 2023ರ ಅಕ್ಟೋಬರಿನಲ್ಲಿ ಒಂದೂವರೆ ಲಕ್ಷ ಡಾಲರ್ ದಂಡ ಬಿತ್ತು. ಬಾಹ್ಯಾಕಾಶದ ಕಸಕ್ಕೆ ಅಮೆರಿಕದ ದೂರಸಂಪರ್ಕ ಆಯೋಗ ಹಾಕಿದ ಮೊದಲ ದಂಡ. ಅಂಥ ಕಂಪನಿಗೆ ಇದು ಚಿಲ್ಲರೆ ಕಾಸು, ಆದರೂ ಷೇರುದಾರರು ಎಚ್ಚರವಾಗುತ್ತಾರೆ.

ಅಂದಹಾಗೆ, ನಾಳೆ ನಿಮ್ಮ ಟೆರೇಸಿಗೇ ಏನಾದರೂ ಬಿದ್ದರೆ ಮುಟ್ಟಬೇಡಿ. ಟ್ಯಾಂಕಿನಲ್ಲಿ ಹೈಡ್ರಜೀನ್ ಇಂಧನ ಉಳಿದಿರಬಹುದು, ಅದು ವಿಷ. ಗುಜರಿ ಕೊಳ್ಳುವ ಭಂಗಾರ್‌ವಾಲಾನನ್ನು ಕರೆಯಬೇಡಿ, ಒಳ್ಳೆ ಟೈಟಾನಿಯಂ ಆಗಿದ್ದರೂ ಸರಿ. ಅದು ಇನ್ನೂ ಹಾರಿಸಿದವರ ಸ್ವತ್ತು, ಅವರು ಕೇಳಿದರೆ ಹಿಂದಿರುಗಿಸಬೇಕು ಅಂತ 1968ರ ಇನ್ನೊಂದು ಒಪ್ಪಂದ ಹೇಳುತ್ತದೆ. 2023ರ ಜುಲೈನಲ್ಲಿ ನಮ್ಮ ಪಿಎಸ್‌ಎಲ್‌ವಿಯ ಒಂದು ಹಂತ ಆಸ್ಟ್ರೇಲಿಯಾದ ಕಡಲ ದಂಡೆಗೆ ಬಂದು ಬಿದ್ದಾಗ ಅವರೂ ಕಾವಲು ಹಾಕಿ, ಇದು ನಿಮ್ಮದಾ ಅಂತ ನಮ್ಮನ್ನು ವಿಚಾರಿಸಿದರು. ನೀವು ಪೊಲೀಸರನ್ನು ಕರೆಯಿರಿ, ಅವರು ಬರುವ ಮುಂಚೆ ದೂರದಿಂದ ಫೋಟೋ ತೆಗೆದಿಡಿ, ಒಡೆದ ಹೆಂಚು, ತಗಡಿನ ಪತ್ರಾ, ನೀರಿನ ಟ್ಯಾಂಕು ಎಲ್ಲದರ ಫೋಟೋ. ಕ್ಲೇಮ್ ಹೋಗಬೇಕಾದ್ದು ದೆಹಲಿಯ ಮೂಲಕ, ನಷ್ಟವಾದ ದಿನದಿಂದ, ಇಲ್ಲವೇ ಅದು ಯಾರದು ಅಂತ ಗೊತ್ತಾದ ದಿನದಿಂದ ಒಂದು ವರ್ಷದ ಒಳಗೆ. ಪಂಚನಾಮೆಯ ಒಂದು ಪ್ರತಿ ಮರೆಯದೆ ಕೇಳಿ ಇಟ್ಟುಕೊಳ್ಳಿ.